ನಿಂತವರ ಕಾಲುಚೀಲ

ರಾತ್ರಿ ಊಟವಾದ ಮೇಲೆ ನಮ್ಮಮ್ಮ ಚಾಪೆ ಹಾಸಿಕೊಂಡು ಎರಡೂ ಕಾಲನ್ನು ಗೋಡೆಗೆ ಎತ್ತಿಟ್ಟು ಮಲಗುತ್ತಾಳೆ. ನಾನು ಪ್ರೈಮರಿ ಶಾಲೆಗೆ ಹೋಗುತ್ತಿದ್ದಾಗಿನಿಂದಲೂ ಇದನ್ನು ನೋಡುತ್ತಾ ಬಂದಿದ್ದೇನೆ. ಹತ್ತು ನಿಮಿಷ ಹಾಗೆ ಮಲಗಿದರೆ ಮೀನಖಂಡದ ಮೇಲೆ ಹಸಿರು ಹಗ್ಗದಂತೆ ಉಬ್ಬಿದ ರಕ್ತನಾಳಗಳು ಸ್ವಲ್ಪ ಇಳಿಯುತ್ತವೆ. ನಮ್ಮ ಕಡೆ ಇದಕ್ಕೆ ‘ನರ ಗಂಟು ಕಟ್ಟೋದು’ ಅನ್ನುತ್ತಾರೆ, ಡಾಕ್ಟರು ವೆರಿಕೋಸ್ ವೇನ್ಸ್ ಅನ್ನುತ್ತಾರೆ. ಅಮ್ಮ ದಾವಣಗೆರೆಯ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಬೆಳಗ್ಗೆ ಹತ್ತಕ್ಕೆ ಹೋದರೆ ಮನೆಗೆ ಬರುವುದು ರಾತ್ರಿ ಎಂಟೂವರೆಗೆ. “ನಿಂತೂ ನಿಂತೂ ಹಿಂಗಾಗೇತಿ, ಅದಕ್ಯಾಕೆ ತಲೆ ಕೆಡಿಸ್ಕೊಂತಿ” ಎಂದು ನನ್ನ ಬಾಯಿ ಮುಚ್ಚಿಸುತ್ತಾಳೆ.

ಹೋದ ವರ್ಷ ತಡವಾಗಿ ಬಂದ ಫೆಲೋಶಿಪ್ ಹಣದಲ್ಲಿ ಆನ್‌ಲೈನಿನಿಂದ ಎರಡು ಜೊತೆ ಕಂಪ್ರೆಷನ್ ಸಾಕ್ಸ್ ತರಿಸಿದೆ. ಒಂದು ಅಮ್ಮನಿಗೆ, ಇನ್ನೊಂದು ನನಗೆ. ಪಿಎಚ್‌ಡಿಯ ದಾಖಲೆಗಳಿಗಾಗಿ ನಾನು ತಿಂಗಳಿಗೆ ಎರಡು ಸಲವಾದರೂ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುತ್ತೇನೆ, ಇಳಿಯುವಾಗ ಚಪ್ಪಲಿ ಬಿಗಿಯಾಗುವಷ್ಟು ಪಾದ ಊದಿರುತ್ತದೆ. ಪೊಟ್ಟಣದ ಮೇಲೆ ‘ಎಲ್ಲರಿಗೂ ಒಂದೇ ಸೈಜ್’ ಎಂದಿತ್ತು. ಅಮ್ಮ ಒಂದು ದಿನ ಹಾಕಿಕೊಂಡು ಹೋದಳು. ಸಂಜೆ ಬಿಚ್ಚಿದಾಗ ಮಂಡಿಯ ಕೆಳಗೆ ಬಳೆ ತೊಡಿಸಿದ ಹಾಗೆ ಕೆಂಪು ಗೆರೆ ಮೂಡಿತ್ತು, ಬೆರಳುಗಳು ಜೋಮು ಹಿಡಿದಿದ್ದವು. “ಇದು ಕಾಲಿಗೆ ಹಾಕೋದೋ, ಕಾಲು ಕಟ್ಟಿಹಾಕೋದೋ?” ಎಂದು ಕೇಳಿ ಮೂಲೆಗೆ ಎಸೆದಳು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಾನು ಓದುತ್ತಿರುವುದು ದಾವಣಗೆರೆಯ ಹತ್ತಿ ಗಿರಣಿ ಕಾರ್ಮಿಕರ ಚರಿತ್ರೆ. ನನ್ನ ಟಿಪ್ಪಣಿಗಳಲ್ಲಿ ಕೂಲಿ ಇದೆ, ಪಾಳಿ ಇದೆ, ಮುಷ್ಕರ ಇದೆ. ಮಗ್ಗದ ಮುಂದೆ ಎಂಟು ಗಂಟೆ ನಿಂತ ಕಾಲುಗಳ ಬಗ್ಗೆ ಒಂದು ಸಾಲೂ ಇಲ್ಲ. ಕಾಲನ್ನು ಒತ್ತಿ ಕಟ್ಟಿದರೆ ಹಿತವೆಂದು ಮನುಷ್ಯರಿಗೆ ಯಾವಾಗ ತಿಳಿಯಿತು, ಅಂಥ ಕಟ್ಟು ಯಾರಿಗೆ ಬೇಕಾಯಿತು ಎಂದು ಹುಡುಕುತ್ತಾ ಹೋದೆ. ಅದು ಅಮ್ಮನಿಗೆ ಸರಿಯಾದ ಕಾಲುಚೀಲ ಆರಿಸುವ ಕೆಲಸವೂ ಆಯಿತು, ನನ್ನ ವಿಷಯದಲ್ಲೇ ನನಗೆ ಕಾಣದೇ ಹೋದದ್ದನ್ನು ಕಾಣುವ ಕೆಲಸವೂ ಆಯಿತು.

ಮೊದಲು ದೇಹದ ಲೆಕ್ಕ. ಹೃದಯ ಕೆಳಕ್ಕೆ ತಳ್ಳಿದ ರಕ್ತ ಪಾದದಿಂದ ಮತ್ತೆ ಮೇಲಕ್ಕೆ ಏರಬೇಕು. ಅದನ್ನು ಏರಿಸುವುದು ಮುಖ್ಯವಾಗಿ ಮೀನಖಂಡದ ಸ್ನಾಯು. ನಾವು ಹೆಜ್ಜೆ ಇಟ್ಟಾಗಲೆಲ್ಲ ಅದು ಹಿಂಡಿ ರಕ್ತವನ್ನು ಮೇಲಕ್ಕೆ ನೂಕುತ್ತದೆ. ನೂಕಿದ ರಕ್ತ ಮತ್ತೆ ಕೆಳಗೆ ಜಾರದಂತೆ ಅಭಿಧಮನಿಗಳ ಒಳಗೆ ಒಂದೇ ಕಡೆಗೆ ತೆರೆಯುವ ಪುಟ್ಟ ಕವಾಟಗಳಿವೆ. ಅಲುಗಾಡದೆ ನಿಂತರೆ ಕಾಲಿನ ಗಿಣ್ಣಿನ ಹತ್ತಿರ ಅಭಿಧಮನಿಯ ಒತ್ತಡ ಪಾದರಸದ 80–90 ಮಿಲಿಮೀಟರಿನಷ್ಟಾಗುತ್ತದೆ. ನಡೆಯತೊಡಗಿದರೆ ಅದು 30ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಕಾಲಿಗೆ ನಡಿಗೆ ಕಷ್ಟವಲ್ಲ, ನಿಂತಲ್ಲೇ ನಿಲ್ಲುವುದು ಕಷ್ಟ. ವರ್ಷಗಟ್ಟಲೆ ಹಾಗೆ ನಿಂತರೆ ನಾಳ ಹಿಗ್ಗುತ್ತದೆ, ಕವಾಟ ಕೂಡಿಕೊಳ್ಳುವುದಿಲ್ಲ, ರಕ್ತ ಕೆಳಗೇ ಮಡುಗಟ್ಟುತ್ತದೆ. ನಿಲ್ಲುವ ಕೆಲಸದ ಜೊತೆಗೆ ವಂಶ, ವಯಸ್ಸು, ಬಸಿರು, ಮೈತೂಕಗಳೂ ಇದಕ್ಕೆ ಕಾರಣಗಳು.

ಈ ಕಾಯಿಲೆ ಹೊಸದೇನಲ್ಲ. ಅಥೆನ್ಸಿನ ರಾಷ್ಟ್ರೀಯ ಪುರಾತತ್ವ ಸಂಗ್ರಹಾಲಯದಲ್ಲಿ ಕ್ರಿ.ಪೂ. 4ನೇ ಶತಮಾನದ ಒಂದು ಹರಕೆಯ ಕಲ್ಲಿದೆ. ಗಡ್ಡದ ಗಂಡಸೊಬ್ಬ ತನ್ನಷ್ಟೇ ಎತ್ತರದ ಒಂದು ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಾನೆ. ಆ ಕಾಲಿನ ಉದ್ದಕ್ಕೂ ಉಬ್ಬಿದ ನಾಳವನ್ನು ಶಿಲ್ಪಿ ಮರೆಯದೆ ಕೆತ್ತಿದ್ದಾನೆ. ನಮ್ಮಲ್ಲಿ ದೇವರಿಗೆ ಬೆಳ್ಳಿಯ ಕಣ್ಣು, ಕೈಕಾಲು ಒಪ್ಪಿಸುವ ಹರಕೆ ನೋಡಿದವರಿಗೆ ಆ ಕಲ್ಲಿನ ಅರ್ಥ ಹೇಳಿಕೊಡಬೇಕಾಗಿಲ್ಲ. ಮುಂದೆ ರೋಮಿನ ಸೇನಾನಿ ಗಾಯಸ್ ಮಾರಿಯಸ್ ಕಾಲಿನ ಉಬ್ಬುನಾಳಗಳನ್ನು ಕೊಯ್ಯಿಸಿಕೊಂಡ ಕತೆಯನ್ನು ಪ್ಲುಟಾರ್ಕ್ ಬರೆದಿದ್ದಾನೆ. ಕಟ್ಟಿಹಾಕದೆಯೇ ಒಂದು ಕಾಲು ಕೊಯ್ಯಲು ಬಿಟ್ಟ ಮಾರಿಯಸ್ ಇನ್ನೊಂದು ಕಾಲನ್ನು ಕೊಡಲಿಲ್ಲವಂತೆ. ಸಿಗುವ ಗುಣ ಆ ನೋವಿಗೆ ಸಮನಲ್ಲ ಎನ್ನುವುದು ಅವನ ತೀರ್ಮಾನ.

ಕೊಯ್ಯುವುದರ ಬದಲು ಕಟ್ಟುವ ವಿದ್ಯೆಯನ್ನು ಬಹಳ ಯೋಚನೆ ಮಾಡಿ ಬರೆದಿಟ್ಟವರಲ್ಲಿ ನಮ್ಮ ಸುಶ್ರುತ ಒಬ್ಬ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಗಾಯದ ಕಟ್ಟುಗಳಲ್ಲಿ ಹದಿನಾಲ್ಕು ಬಗೆ ಹೇಳಿದೆ. ಕೈಕಾಲಿಗೆ ಬಳ್ಳಿಯಂತೆ ಸುತ್ತಿಕೊಂಡು ಹೋಗುವ ಕಟ್ಟಿಗೆ ಅನುವೇಲ್ಲಿತವೆಂದು ಹೆಸರು. ನನಗೆ ಅದಕ್ಕಿಂತ ಮುಖ್ಯವೆನಿಸಿದ್ದು ಬಿಗಿತದ ಮೂರು ಹಂತಗಳು: ಗಾಢ, ಸಮ, ಶಿಥಿಲ. ಗಾಢವೆಂದರೆ ಎಷ್ಟು ಸಾಧ್ಯವೋ ಅಷ್ಟು ಬಿಗಿ ಎಂದು ನಾವು ತಿಳಿಯುತ್ತೇವೆ. ಗ್ರಂಥ ಹಾಗೆ ಹೇಳುವುದಿಲ್ಲ. ಒತ್ತಬೇಕು, ಆದರೆ ನೋಯಿಸಬಾರದು, ಅದೇ ಗಾಢ. ಗಾಳಿಯಾಡಿದರೆ ಶಿಥಿಲ, ಎರಡರ ನಡುವಿನದು ಸಮ. ದೇಹದ ಯಾವ ಭಾಗಕ್ಕೆ ಯಾವ ಬಿಗಿತ ಎಂಬುದನ್ನೂ ಅಲ್ಲಿ ಬೇರೆ ಬೇರೆಯಾಗಿ ಹೇಳಿದೆ. ಅಲ್ಲಿ ಮಾತಾಡುತ್ತಿರುವುದು ಗಾಯದ ಬಗ್ಗೆ, ಸಾಕ್ಸಿನ ಬಗ್ಗೆ ಅಲ್ಲ ಎನ್ನುವುದು ನಿಜ. ಆದರೂ ನಾನು ತರಿಸಿದ ಸಾಕ್ಸ್ ಯಾಕೆ ಸೋತಿತು ಎನ್ನುವುದಕ್ಕೆ ಉತ್ತರ ಅಲ್ಲೇ ಇತ್ತು. ಅದು ನೋಯಿಸಿತು, ಮತ್ತು ಒತ್ತಬಾರದ ಜಾಗದಲ್ಲಿ ಒತ್ತಿತು.

ಒತ್ತಬೇಕಾದ ಜಾಗ ಯಾವುದು ಎಂದು ಗೊತ್ತಾಗಲು ರಕ್ತ ಯಾವ ದಿಕ್ಕಿಗೆ ಹರಿಯುತ್ತದೆ ಎಂದು ಮೊದಲು ಗೊತ್ತಾಗಬೇಕಿತ್ತು. ಪದುವಾ ವಿಶ್ವವಿದ್ಯಾಲಯದ ಫ್ಯಾಬ್ರಿಸಿಯಸ್ 1603ರಲ್ಲಿ ಅಭಿಧಮನಿಗಳೊಳಗಿನ ಕವಾಟಗಳನ್ನು ಚಿತ್ರಸಹಿತ ಪ್ರಕಟಿಸಿದ. ಆದರೆ ಅವು ರಕ್ತ ಕೆಳಗೆ ಧಾವಿಸದಂತೆ ತಡೆಯುವ ಅಡ್ಡಗಟ್ಟೆಗಳು ಎಂದುಕೊಂಡ. ಅವನ ಶಿಷ್ಯ ವಿಲಿಯಂ ಹಾರ್ವೆ ತೋಳಿಗೆ ಪಟ್ಟಿ ಬಿಗಿದು, ಉಬ್ಬಿದ ನಾಳವನ್ನು ಬೆರಳಿನಿಂದ ಒತ್ತಿ ಸವರಿ ನೋಡಿ, ಅಲ್ಲಿ ರಕ್ತ ಹೃದಯದ ಕಡೆಗೆ ಮಾತ್ರ ಹೋಗುತ್ತದೆ ಎಂದು 1628ರಲ್ಲಿ ತೋರಿಸಿದ. ಅದೇ ಶತಮಾನದಲ್ಲಿ ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸನ ಶಸ್ತ್ರವೈದ್ಯ ರಿಚರ್ಡ್ ವೈಸ್‌ಮನ್, ಕಾಲಿನ ಮಾಯದ ಹುಣ್ಣುಗಳಿಗೆ ಲೇಸು ಹಾಕಿ ಬಿಗಿಯುವ ತೊಗಲಿನ ಕಾಲುಚೀಲ ತೊಡಿಸುತ್ತಿದ್ದ. 1676ರ ಅವನ ಪುಸ್ತಕದಲ್ಲಿ ಅದರ ವಿವರವಿದೆ. ಇಂದಿನ ಕಂಪ್ರೆಷನ್ ಸಾಕ್ಸಿಗೆ ಹಿರಿಯ ಎನ್ನಬಹುದಾದ ವಸ್ತು ಇದು.

ಬಟ್ಟೆಯ ಪಟ್ಟಿಗೆ ಒಂದು ದೋಷವಿತ್ತು. ಬೆಳಗ್ಗೆ ಬಿಗಿದರೆ ಮಧ್ಯಾಹ್ನದ ಹೊತ್ತಿಗೆ ಸಡಿಲ. ಬಿಸಿಲಿಗೆ ಕರಗದ, ಚಳಿಗೆ ಬಿರಿಯದ ರಬ್ಬರು ಬಂದ ಮೇಲೆ ಇದು ಬದಲಾಯಿತು. ಗಂಧಕ ಸೇರಿಸಿ ಕಾಯಿಸಿ ರಬ್ಬರನ್ನು ಗಟ್ಟಿಗೊಳಿಸುವ ವಿಧಾನಕ್ಕೆ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದ. ಅನಂತರದ ದಶಕಗಳಲ್ಲಿ ರಬ್ಬರು ಎಳೆ ಸೇರಿಸಿ ನೇಯ್ದ ಕಾಲುಚೀಲಗಳು ಯೂರೋಪಿನ ಅಂಗಡಿಗಳಿಗೆ ಬಂದವು.

ಅವು ಬಂದ ಕಾಲವನ್ನು ಗಮನಿಸಬೇಕು. ಕಾರ್ಖಾನೆಗಳೂ ದೊಡ್ಡ ದೊಡ್ಡ ಬಟ್ಟೆ ಅಂಗಡಿಗಳೂ ಜನರನ್ನು ದಿನಕ್ಕೆ ಹನ್ನೆರಡು ಗಂಟೆ ಒಂದೇ ಕಡೆ ನಿಲ್ಲಿಸತೊಡಗಿದ ಕಾಲ ಅದು. ಲಂಡನ್ನಿನ ಅಂಗಡಿಗಳಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ಕೂರುವಂತಿರಲಿಲ್ಲ, ಕೂತರೆ ಗಿರಾಕಿಗೆ ಅಗೌರವವೆಂಬ ಭಾವನೆಯಿತ್ತು. ಇದರ ವಿರುದ್ಧ ವರ್ಷಗಟ್ಟಲೆ ಒತ್ತಾಯ ನಡೆದು, 1899ರಲ್ಲಿ ಬ್ರಿಟಿಷ್ ಸಂಸತ್ತು ಅಂಗಡಿ ಕೆಲಸದ ಹೆಂಗಸರಿಗೆ ಆಸನ ಒದಗಿಸುವ ಕಾಯಿದೆ ಮಾಡಿತು. ಮೂವರಿಗೆ ಒಂದು ಆಸನದಂತೆ ಅಂಗಡಿಯವರು ಇಡಬೇಕು. ಇದನ್ನು ಓದಿದಾಗ ನಾನು ಎರಡು ಸಲ ಇಸವಿ ನೋಡಿದೆ. ನಮ್ಮಮ್ಮನ ಅಂಗಡಿಯ ಸೀರೆ ವಿಭಾಗದಲ್ಲಿ ಎಂಟು ಜನ ಹೆಂಗಸರಿದ್ದಾರೆ. ಕೌಂಟರಿನ ಒಳಗೆ ಒಂದು ಸ್ಟೂಲೂ ಇಲ್ಲ.

ಅದೇ ಹೊತ್ತಿನಲ್ಲಿ ಇನ್ನೊಂದು ಬಗೆಯ ಕಾಲುಕಟ್ಟು ನಮ್ಮ ದೇಶದಿಂದಲೇ ಹೊರಟು ಲೋಕ ಸುತ್ತಿತು. ಬ್ರಿಟಿಷ್ ಸೈನಿಕರು ಗಿಣ್ಣಿನಿಂದ ಮಂಡಿಯವರೆಗೆ ಸುತ್ತಿಕೊಳ್ಳುತ್ತಿದ್ದ ಉಣ್ಣೆಯ ‘ಪಟೀ’ ನಮ್ಮ ‘ಪಟ್ಟಿ’ಯೇ. ಹಿಂದಿಯ ಆ ಪದ ಇಂಗ್ಲಿಷಿಗೆ ಹೋದದ್ದು ಇಲ್ಲಿನ ಸೈನ್ಯದಿಂದ. ಹಳೆಯ ಪೊಲೀಸ್ ಫೋಟೋಗಳಲ್ಲಿ ಚಡ್ಡಿ ತೊಟ್ಟು ಕಾಲಿಗೆ ಪಟ್ಟಿ ಸುತ್ತಿದ ಪೇದೆಗಳನ್ನು ನೀವೂ ನೋಡಿರಬಹುದು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಈ ಪಟ್ಟಿಯೇ ಶತ್ರುವಾಯಿತು. ಒದ್ದೆಯಾದ ಉಣ್ಣೆ ಕುಗ್ಗಿ ಬಿಗಿಯಿತು, ತಣ್ಣನೆ ಕೆಸರಿನಲ್ಲಿ ನಿಂತ ಪಾದಗಳಿಗೆ ರಕ್ತ ಸಾಲದಾಗಿ ಕೊಳೆಯುವ ಕಾಯಿಲೆ ಇನ್ನಷ್ಟು ಕೆಟ್ಟಿತು. ಹದ ತಪ್ಪಿದರೆ ಕಾಲು ಕಾಯುವ ಕಟ್ಟೇ ಕಾಲು ತಿನ್ನುತ್ತದೆ.

ಹದವನ್ನು ಲೆಕ್ಕಕ್ಕೆ ತಂದವನು ವೈದ್ಯನಲ್ಲ, ಒಬ್ಬ ಎಂಜಿನಿಯರ್. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದ ಟೊಲೀಡೊದಲ್ಲಿ ನೆಲೆಸಿದ್ದ ಕಾನ್ರಾಡ್ ಜಾಬ್ಸ್ಟ್‌ಗೆ ಸ್ವತಃ ಕಾಲಿನ ರಕ್ತನಾಳದ ತೊಂದರೆಯಿತ್ತು. ಈಜುಕೊಳದಲ್ಲಿ ನಿಂತಾಗ ಮಾತ್ರ ನೋವು ಕಡಿಮೆಯಾಗುವುದನ್ನು ಅವನು ಗಮನಿಸಿದ. ನೀರಿನ ಒತ್ತಡ ಆಳಕ್ಕೆ ಹೋದಂತೆ ಹೆಚ್ಚುತ್ತದೆ. ಪಾದದ ಹತ್ತಿರ ಹೆಚ್ಚು, ಮೇಲಕ್ಕೆ ಬಂದಂತೆ ಕಡಿಮೆ. ಕಾಲುಚೀಲವೂ ಹಾಗೇ ಒತ್ತಬೇಕು ಎಂದು ಅವನಿಗೆ ಹೊಳೆಯಿತು. 1950ರ ಸುಮಾರಿಗೆ ಅವನು ಮಾಡಿದ, ಗಿಣ್ಣಿನಲ್ಲಿ ಬಿಗಿಯಾಗಿ ಮೇಲಕ್ಕೆ ಹೋದಂತೆ ಸಡಿಲಾಗುವ ಕಾಲುಚೀಲವೇ ಇಂದು ನಾವು ಕೊಳ್ಳುವುದರ ಮಾದರಿ. ಅಮ್ಮನ ಮಂಡಿಯ ಕೆಳಗಿನ ಕೆಂಪು ಗೆರೆ ಇದರ ತಲೆಕೆಳಗು: ಮೇಲೆ ಬಿಗಿ, ಕೆಳಗೆ ಸಡಿಲ. ಹೋಗಬೇಕಾದ ರಕ್ತಕ್ಕೆ ದಾರಿಯಲ್ಲೇ ಗಂಟು ಬಿದ್ದಿತ್ತು.

ಇಲ್ಲಿಯವರೆಗೆ ನಿಂತವರ ಕತೆಯಾಯಿತು. ಪ್ರಯಾಣಕ್ಕೂ ಈ ಸಾಕ್ಸಿಗೂ ನಂಟು ಬೆಳೆದದ್ದು ಕೂತವರಿಂದ. ಅಲುಗದೆ ಕೂತರೂ ಮೀನಖಂಡ ಕೆಲಸ ಮಾಡುವುದಿಲ್ಲ, ಕಾಲಿನ ಒಳನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು, ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. 1940ರಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ ಜನ ನೆಲಮನೆಗಳಲ್ಲಿ ಮಡಿಸುವ ಕುರ್ಚಿಗಳ ಮೇಲೆ ಕೂತೇ ರಾತ್ರಿ ಕಳೆಯುತ್ತಿದ್ದರು. ಕುರ್ಚಿಯ ಮುಂದಿನ ಮರದ ಪಟ್ಟಿ ತೊಡೆಯ ಅಡಿಗೆ ಒತ್ತುತ್ತಿತ್ತು. ಹೀಗೆ ಶ್ವಾಸಕೋಶಕ್ಕೆ ಹೆಪ್ಪು ಹೋಗಿ ಸತ್ತವರ ಸಂಖ್ಯೆ ಹಿಂದಿನ ವರ್ಷಕ್ಕಿಂತ ಆರು ಪಟ್ಟಾಗಿದೆ ಎಂದು ಶವಪರೀಕ್ಷೆಯ ವೈದ್ಯ ಕೀತ್ ಸಿಂಪ್ಸನ್ ಆ ವರ್ಷವೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದ. ಬಾಂಬು ತಾಗದೆ, ಕೂತದ್ದರಿಂದಲೇ ಸತ್ತವರು ಅವರು. ಮಲಗಲು ಬಂಕುಗಳನ್ನು ಹಾಕುವುದು ಅದಕ್ಕೆ ಪರಿಹಾರವಾಗಿತ್ತು.

ವಿಮಾನ ಬಂದಾಗ ಇದೇ ಕಾಯಿಲೆಗೆ 1977ರಲ್ಲಿ ‘ಎಕಾನಮಿ ಕ್ಲಾಸ್ ಸಿಂಡ್ರೋಮ್’ ಎಂಬ ಹೆಸರು ಬಿತ್ತು. 2001ರಲ್ಲಿ ಲಂಡನ್ನಿನ ವೈದ್ಯರು 50 ದಾಟಿದ 231 ಪ್ರಯಾಣಿಕರ ಮೇಲೆ ಪರೀಕ್ಷೆ ಮಾಡಿದರು. ಮಂಡಿಯವರೆಗಿನ ಕಂಪ್ರೆಷನ್ ಸಾಕ್ಸ್ ಹಾಕದೆ ದೂರದ ವಿಮಾನಗಳಲ್ಲಿ ಹೋಗಿಬಂದವರಲ್ಲಿ ನೂರಕ್ಕೆ ಸುಮಾರು ಹತ್ತು ಜನರ ಕಾಲಲ್ಲಿ, ಅವರಿಗೇ ಗೊತ್ತಾಗದಂತೆ, ಚಿಕ್ಕ ಹೆಪ್ಪುಗಳು ಕಂಡವು. ಹಾಕಿದವರಲ್ಲಿ ಯಾರಿಗೂ ಕಾಣಲಿಲ್ಲ. ಆದರೆ ಸಾಕ್ಸ್ ಹಾಕಿದ್ದ ನಾಲ್ವರಿಗೆ, ಮೊದಲೇ ಉಬ್ಬುನಾಳವಿದ್ದವರಿಗೆ, ಚರ್ಮದ ಕೆಳಗಿನ ನಾಳದಲ್ಲಿ ಉರಿಯೂತ ಬಂತು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದ್ದು ಇನ್ನೂ ನೇರವಾಗಿತ್ತು: ನಾಲ್ಕು ಗಂಟೆ ಮೀರಿ ಅಲುಗದೆ ಕೂತರೆ ಹೆಪ್ಪಿನ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ, ಅದು ವಿಮಾನವಾಗಲಿ, ರೈಲಾಗಲಿ, ಬಸ್ಸಾಗಲಿ. ಹಾಗೆಂದು ಹೆದರಬೇಕಾಗಿಲ್ಲ, ಒಟ್ಟು ಅಪಾಯ ಆರು ಸಾವಿರಕ್ಕೆ ಒಂದರಷ್ಟು. ದಾವಣಗೆರೆಯಿಂದ ಬೆಂಗಳೂರಿಗೆ ರಾತ್ರಿ ಬಸ್ಸು ನಾಲ್ಕು ಗಂಟೆಗಿಂತ ಹೆಚ್ಚೇ ತೆಗೆದುಕೊಳ್ಳುತ್ತದೆ. ಈಗ ನಾನು ಒಳಬದಿಯ ಸೀಟು ಹಿಡಿದು, ಬಸ್ಸು ನಿಂತ ಕಡೆಯೆಲ್ಲ ಇಳಿದು ನಾಲ್ಕು ಹೆಜ್ಜೆ ಹಾಕುತ್ತೇನೆ, ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತೇನೆ. ಸಾಕ್ಸ್ ಇವಕ್ಕೆ ಜೊತೆ, ಬದಲಿ ಅಲ್ಲ.

ಇಷ್ಟು ಓದಿಕೊಂಡ ಮೇಲೆ ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಮೊದಲು ಮಾಡಿದ ಕೆಲಸ ಪಾದದ ಮೇಲೆ ಬೆರಳಿಟ್ಟು ನಾಡಿ ನೋಡಿದ್ದು. ಕಾಲಿಗೆ ಬರುವ ರಕ್ತವೇ ಕಡಿಮೆಯಿದ್ದವರಿಗೆ, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರಿಗೆ ಬಿಗಿ ಸಾಕ್ಸ್ ಕೇಡು ಮಾಡಬಹುದು. ಒಂದೇ ಕಾಲು ದಿಢೀರನೆ ಊದಿ ನೋಯುತ್ತಿದ್ದರೆ ಸಾಕ್ಸ್ ಹುಡುಕುವುದಲ್ಲ, ಆಸ್ಪತ್ರೆಗೆ ಓಡಬೇಕು ಎಂದೂ ಹೇಳಿದರು. ಆಮೇಲೆ ಟೇಪು ಹಿಡಿದರು. ಗಿಣ್ಣಿನ ಮೇಲೆ ಕಾಲು ಅತಿ ಸಣ್ಣಗಿರುವ ಕಡೆ ಒಂದು ಸುತ್ತಳತೆ, ಮೀನಖಂಡ ಅತಿ ದಪ್ಪಗಿರುವ ಕಡೆ ಇನ್ನೊಂದು, ನೆಲದಿಂದ ಮಂಡಿಯ ಮಡಿಕೆಯವರೆಗೆ ಉದ್ದ. ಈ ಅಳತೆ ಬೆಳಗ್ಗೆಯೇ ಆಗಬೇಕು, ಸಂಜೆಗೆ ಕಾಲು ಊದಿ ಅಳತೆ ತಪ್ಪುತ್ತದೆ.

ಒತ್ತಡದ ಸಂಖ್ಯೆಯಲ್ಲೂ ಒಂದು ತೊಡಕಿದೆ. ಪೊಟ್ಟಣದ ಮೇಲಿನ ‘ಕ್ಲಾಸ್ 1’ ಎಂಬುದು ಎಲ್ಲ ದೇಶದಲ್ಲೂ ಒಂದೇ ಅಲ್ಲ. ಬ್ರಿಟಿಷ್ ಅಳತೆಯಲ್ಲಿ ಅದು 14–17 ಮಿಲಿಮೀಟರ್, ಜರ್ಮನ್ ಅಳತೆಯಲ್ಲಿ 18–21. ಆದ್ದರಿಂದ ಕ್ಲಾಸ್ ನೋಡಬೇಡಿ, ಮಿಲಿಮೀಟರ್ ನೋಡಿ. ಆರೋಗ್ಯವಂತರಿಗೆ ದಿನದ ಬಳಕೆಗೂ ಪ್ರಯಾಣಕ್ಕೂ 15–20 ಸಾಕು. ಅದಕ್ಕಿಂತ ಬಿಗಿಯದು ಡಾಕ್ಟರು ಹೇಳಿದರೆ ಮಾತ್ರ. ಆಪರೇಷನ್ ಆದವರಿಗೆ ಆಸ್ಪತ್ರೆಯಲ್ಲಿ ತೊಡಿಸುವ ಬಿಳಿ ಕಾಲುಚೀಲ ಮಲಗಿದವರಿಗಾಗಿ ಮಾಡಿದ್ದು, ನಿಂತು ಓಡಾಡುವವರಿಗೆ ಅದು ಒಗ್ಗದು.

ಅಮ್ಮ ಕೇಳಿದ ಪ್ರಶ್ನೆಗಳು ಬೇರೆ. “ಕಾಲುಂಗುರ ತೆಗೀಬೇಕೇನು? ಚಪ್ಪಲಿ ಹೆಂಗೆ ಹಾಕ್ಕೊಳ್ಳೋದು?” ಬೆರಳ ಕಡೆ ತೆರೆದ ಸಾಕ್ಸ್ ಸಿಗುತ್ತದೆ, ಕಾಲುಂಗುರ ಎಳೆಗೆ ಸಿಕ್ಕುವುದಿಲ್ಲ, ಚಪ್ಪಲಿಯೂ ಹಿಡಿಯುತ್ತದೆ, ಬೇಸಿಗೆಯಲ್ಲಿ ಬೆವರೂ ಕಡಿಮೆ. ಏಳುತ್ತಲೇ, ಕಾಲು ಊದುವ ಮೊದಲೇ ಹಾಕಬೇಕು. ಹಿಮ್ಮಡಿಯವರೆಗೆ ಒಳಮಗ್ಗುಲು ತಿರುವಿ, ಪಾದ ತೂರಿಸಿ, ಆಮೇಲೆ ನಿಧಾನವಾಗಿ ಮೇಲಕ್ಕೆ ಬಿಡಿಸಿಕೊಂಡು ಹೋದರೆ ಸುಲಭ. ಸುಕ್ಕು ಉಳಿಯಬಾರದು, ಉದ್ದವಾಯಿತೆಂದು ಮೇಲ್ತುದಿ ಮಡಚಬಾರದು, ಮಡಚಿದರೆ ಅಲ್ಲಿ ಒತ್ತಡ ಇಮ್ಮಡಿ. ರಾತ್ರಿ ತೆಗೆದು ತಣ್ಣೀರಲ್ಲಿ ಒಗೆದು, ಹಿಂಡದೆ ನೆರಳಲ್ಲಿ ಹರವಬೇಕು. ಆರು ತಿಂಗಳ ಬಳಕೆಗೆ ಎಳೆ ಸಡಿಲವಾಗುವುದರಿಂದ ಹೊಸದು ಬೇಕು. ಜೋಮು, ನೋವು, ಬೆರಳು ನೀಲಿಯಾಗುವುದು ಕಂಡರೆ ಆ ಕ್ಷಣವೇ ಬಿಚ್ಚಬೇಕು. ಹಿಗ್ಗಿದ ನಾಳವನ್ನು ಇದು ಮತ್ತೆ ಮೊದಲಿನಂತೆ ಮಾಡುವುದಿಲ್ಲ, ಊತ ಮತ್ತು ಭಾರ ಇಳಿಸುತ್ತದೆ. ಒತ್ತಬೇಕು, ನೋಯಿಸಬಾರದು. ಸುಶ್ರುತನ ಮಾತಿಗಿಂತ ಒಳ್ಳೆಯ ಪರೀಕ್ಷೆ ನನಗೆ ಸಿಗಲಿಲ್ಲ.

ಸಾಕ್ಸ್ ಹಾಕಿಕೊಳ್ಳುವುದನ್ನು ಕಲಿಯುತ್ತಾ ಒಂದು ದಿನ ಅಮ್ಮ ಹೇಳಿದ ಮಾತು ನನ್ನ ಟಿಪ್ಪಣಿ ಪುಸ್ತಕ ಸೇರಿತು. ಅವಳು ಕೆಲಸಕ್ಕೆ ಸೇರಿದ ಮೊದಲ ಅಂಗಡಿ ಹಳೆಯ ಕಾಲದ ಜವಳಿ ಅಂಗಡಿ. ಅಲ್ಲಿ ನೆಲದ ಮೇಲೆ ಬಿಳಿ ಬಟ್ಟೆ ಹಾಸಿದ ಗಾದಿ. ಸೀರೆ ತೋರಿಸುವವರೂ ಕೂತಿರುತ್ತಿದ್ದರು, ಕೊಳ್ಳುವವರೂ ಎದುರಿಗೆ ಕೂರುತ್ತಿದ್ದರು. “ಆಗ ಕಾಲಿಗೆ ಏನೂ ಆಗಿರ್ಲಿಲ್ಲ ನೋಡು. ಶೋರೂಂ ಆದ್ಮೇಲೆ ಕೂರೋದು ಹೋತು.” ಕೂತು ವ್ಯಾಪಾರ ಮಾಡುವುದು ನಮ್ಮ ಪೇಟೆಗಳ ಹಳೆಯ ಪದ್ಧತಿ, ನಿಲ್ಲಿಸುವುದೇ ಹೊಸದು. ಗಾಜಿನ ಕೌಂಟರಿನ ಜೊತೆ ಲಂಡನ್ನಿನ ಆ ಹಳೆಯ ಶಿಸ್ತೂ ಬಂದು ಸೇರಿಕೊಂಡಿದೆ, ಅದನ್ನು ತಿದ್ದಿದ ಕಾಯಿದೆ ಮಾತ್ರ ಜೊತೆಗೆ ಬರಲಿಲ್ಲ.

ಅದನ್ನು ಇಲ್ಲಿ ಹೊಸದಾಗಿಯೇ ಹೋರಾಡಿ ಪಡೆಯಬೇಕಾಯಿತು. ಕೋಳಿಕ್ಕೋಡಿನ ಮಿಠಾಯಿ ತೆರುವಿನ ಅಂಗಡಿಗಳ ಹೆಂಗಸರು, ಟೈಲರ್ ಪಿ. ವಿಜಿ ಮತ್ತು ಅವರ ‘ಪೆಣ್‌ಕೂಟ್ಟು’ ಸಂಘಟನೆಯ ಜೊತೆ, ಮೊದಲು ಶೌಚಾಲಯಕ್ಕಾಗಿ, ಆಮೇಲೆ ಕೂರುವ ಹಕ್ಕಿಗಾಗಿ ಬೀದಿಗಿಳಿದರು. 2018ರಲ್ಲಿ ಕೇರಳ ತನ್ನ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಗೆ ತಿದ್ದುಪಡಿ ತಂದು ಆಸನ ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಆ ಹೋರಾಟದಲ್ಲಿ ಯಾರೂ ಒಳ್ಳೆಯ ಕಾಲುಚೀಲ ಕೊಡಿ ಎಂದು ಕೇಳಲಿಲ್ಲ, ಕುರ್ಚಿ ಕೇಳಿದರು.

ಅಮ್ಮ ಈಗ ಬೆಳಗ್ಗೆ ಕಾಫಿಗೆ ಮೊದಲೇ ಸಾಕ್ಸ್ ಏರಿಸುತ್ತಾಳೆ. ಸಂಜೆಗೆ ಕಾಲು ಮೊದಲಿನಷ್ಟು ಭಾರವಾಗುವುದಿಲ್ಲ ಎನ್ನುತ್ತಾಳೆ. ಜೊತೆಯವರಿಬ್ಬರು ನನ್ನ ಹತ್ತಿರ ಬಂದು ಅಳತೆ ಕೊಡಿಸಿಕೊಂಡು ಹೋದರು. ಕೇರಳದ ಕತೆಯನ್ನು ಅವರಿಗೆ ಹೇಳಿದಾಗ ಒಬ್ಬಾಕೆ ನಕ್ಕು, “ನಮ್ ಸಾಹುಕಾರ್ರು ಕುರ್ಚಿ ತರೋದಿಲ್ಲ ಬಿಡವ್ವಾ” ಅಂದರು. ಅಮ್ಮ ನಗಲಿಲ್ಲ. “ಎಂಟು ಜನ ಇದೀವಿ, ಒಟ್ಟಿಗೆ ಹೋಗಿ ಕೇಳಿದ್ರೆ ಏನ್ ಮಾಡ್ತಾರೆ?” ಅಂದಳು. ದೀಪಾವಳಿ ಸೀಸನ್ ಮುಗಿದ ಮೇಲೆ ಕೇಳುವುದೆಂದು ಮಾತಾಗಿದೆ. ನನ್ನ ಪ್ರಬಂಧದ ಮೂರನೇ ಅಧ್ಯಾಯದಲ್ಲಿ ಕೂಲಿ ಮತ್ತು ಪಾಳಿಯ ನಡುವೆ ಒಂದು ಹೊಸ ಭಾಗ ಸೇರಿಸಿದ್ದೇನೆ. ಅದರಲ್ಲಿ ಗಿರಣಿಯ ಮುದುಕರಿಗೆ ನಾನು ಇಷ್ಟು ದಿನ ಕೇಳದೇ ಉಳಿದ ಪ್ರಶ್ನೆಯಿದೆ: ಪಾಳಿ ಮುಗಿಸಿ ಮನೆಗೆ ಬಂದ ಮೇಲೆ ಕಾಲು ಹೇಗಿರುತ್ತಿತ್ತು?